ಸೀಟಿನಡಿಯ ಗೋಣಿಚೀಲದಲ್ಲಿ ಏನಿತ್ತು?

(ನಮ್ಮ ವರದಿಗಾರನಿಂದ)

ಹೊಸಹಳ್ಳಿ: ಮೊನ್ನೆ ಸಂಜೆ ಆರು ಗಂಟೆ ಹೊತ್ತು. ಸುಂಕದಕಟ್ಟೆ ಕಡೆಯಿಂದ ಬಂದ ಬಸ್ಸು ಕಾಮಾಕ್ಷಿಪಾಳ್ಯ ದಾಟಿ ಟೋಲ್‌ಗೇಟ್ ಕಡೆಗೆ ತೆವಳುತ್ತಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಗಾರ್ಮೆಂಟ್ಸ್ ಬಿಟ್ಟ ಹೆಣ್ಣುಮಕ್ಕಳು, ಟ್ಯೂಷನ್ ಹುಡುಗರು, ಸೊಪ್ಪಿನ ಚೀಲ ಇಟ್ಟುಕೊಂಡ ಅಜ್ಜಿ. ನಾನು ಹಿಂದಿನ ಬಾಗಿಲ ಕಂಬಿ ಹಿಡಿದು ನೇತಾಡುತ್ತಿದ್ದೆ.

"ಏನ್ರಪ್ಪಾ ಇದು ವಾಸ್ನೆ? ಪೆಟ್ರೋಲ್ ಚೆಲ್ಲಿದ್ಹಂಗೈತೆ" ಎಂದು ಮೊದಲು ಬಾಯಿಬಿಟ್ಟವರು ಆ ಅಜ್ಜಿಯೇ.

ಬಸ್ಸಿನದೇ ವಾಸನೆ ಇರಬಹುದು ಎಂದು ಯಾರೋ ಅಂದರು. ಬಸ್ಸು ಓಡುವುದು ಡೀಸೆಲ್ಲಿನಲ್ಲಿ ಕಣಮ್ಮ, ಪೆಟ್ರೋಲ್ ವಾಸನೆ ಹೇಗೆ ಬಂದೀತು ಎಂದರು ಇನ್ನೊಬ್ಬರು. ಕಂಡಕ್ಟರ್ ಜನರ ನಡುವೆ ನುಸುಳಿಕೊಂಡು ಬಂದರು, ಮೂಗು ಹಿಡಿದು ಹುಡುಕಿದರು. ಕೊನೇ ಸೀಟಿನಡಿ ಒಂದು ಗೋಣಿಚೀಲ. ಎಳೆದರೆ ಉದ್ದನೆಯ ಕೊಳವೆ, ತುದಿಗೆ ಬಟ್ಟೆ ಸುತ್ತಿದ ಬ್ಲೇಡು, ಇನ್ನೊಂದು ತುದಿಗೆ ಇಂಜಿನ್ನು. ಹುಲ್ಲು ಕೊಚ್ಚುವ ಮೆಷಿನ್. ಅಡ್ಡ ಮಲಗಿಸಿದ್ದರಿಂದ ಟ್ಯಾಂಕಿನ ಮುಚ್ಚಳದ ಸಂದಿಯಿಂದ ಹನಿಹನಿಯಾಗಿ ಪೆಟ್ರೋಲ್ ಇಳಿದು ಗೋಣಿ ಅಂಗೈಯಗಲ ಒದ್ದೆಯಾಗಿತ್ತು. ಅದರ ಪಕ್ಕದಲ್ಲೇ ಒಂದು ಲೀಟರಿನ ನೀರಿನ ಬಾಟಲಿ. ಒಳಗೆ ಇದ್ದದ್ದು ನೀರಲ್ಲ!

"ಯಾರ್ದ್ರೀ ಇದು?"

ನಲವತ್ತರ ಆಸುಪಾಸಿನ ಒಬ್ಬ ಆಸಾಮಿ ತಲೆ ತಗ್ಗಿಸಿ ಎದ್ದು ನಿಂತ. "ನಂದೇ ಸಾರ್. ಮುಂದಿನ ಸ್ಟಾಪಲ್ಲಿ ಇಳೀತೀನಿ ಸಾರ್."

"ಮುಂದಿನ ಸ್ಟಾಪಲ್ಲ, ಇಲ್ಲೇ ಇಳೀರಿ. ಐವತ್ತು ಅರವತ್ತು ಜನ ಇದಾರೆ ಇಲ್ಲಿ. ಒಬ್ಬ ಬೀಡಿ ಹಚ್ಚಿದ್ರೆ ಯಾರು ಹೊಣೆ?"

ಬಸ್ಸು ನಿಂತಿತು. ಆತ ಇಳಿದ. ಜತೆಯಲ್ಲಿ ನಾನೂ ಇಳಿದೆ. ವರದಿಗಾರನಿಗೆ ಸುದ್ದಿಯ ವಾಸನೆ ಬೇರೆ, ಪೆಟ್ರೋಲಿನ ವಾಸನೆ ಬೇರೆ. ಅವತ್ತು ಎರಡೂ ಒಟ್ಟಿಗೆ ಬಂದಿದ್ದವು.

ಟೀ ಅಂಗಡಿಯಲ್ಲಿ

ಚೀಲವನ್ನು ಟೀ ಅಂಗಡಿಯ ಒಲೆಯ ಪಕ್ಕದಲ್ಲೇ ಇಡಲು ಹೋದ. ನಾನು ಹೌಹಾರಿ ಹತ್ತು ಹೆಜ್ಜೆ ಆಚೆ, ಗಾಳಿ ಬೀಸುವ ಕಡೆ, ಮರದ ಬುಡದಲ್ಲಿ ಇಡಿಸಿದೆ. ಆತನಿಗೆ ನನ್ನ ಗಾಬರಿ ನೋಡಿ ನಗು.

"ಆರು ವರ್ಷದಿಂದ ಹಿಂಗೇ ತಗೊಂಡೋಗ್ತಿದೀನಿ ಸಾರ್. ಏನೂ ಆಗಿಲ್ಲ."

ಖಾಲಿ ಸೈಟುಗಳ ಗಿಡಗಂಟಿ ಸವರುವುದು ಈತನ ಕೆಲಸ. ನಾಗರಬಾವಿ, ಉಲ್ಲಾಳ, ಸುಂಕದಕಟ್ಟೆ, ಎಲ್ಲಿ ಕರೆದರೆ ಅಲ್ಲಿ. ಮಳೆಗಾಲ ಕಳೆದರೆ ಕೈತುಂಬಾ ಕೆಲಸ, ಬೇಸಿಗೆಯಲ್ಲಿ ವಾರಕ್ಕೆ ಎರಡು ದಿನ ಸಿಕ್ಕರೆ ಹೆಚ್ಚು. ಮೆಷಿನ್ ಸಾಲದ್ದು. ಹೊಸಹಳ್ಳಿಯ ಒಂದು ವಠಾರದಲ್ಲಿ ಒಂದು ಕೋಣೆ, ಹೆಂಡತಿ, ಇಬ್ಬರು ಮಕ್ಕಳು.

"ಬಸ್ಸಲ್ಲಿ ಬೇಡ ಅಂತೀರಿ. ಸರಿ ಸಾರ್. ಆಟೋದವನು ಹೋಗೋಕೆ ಇನ್ನೂರು, ಬರೋಕೆ ಇನ್ನೂರು ಕೇಳ್ತಾನೆ. ದಿನಕ್ಕೆ ಸಿಗೋದೇ ಎಂಟುನೂರು ಒಂಬೈನೂರು. ಪೆಟ್ರೋಲ್ ಖರ್ಚು ತೆಗೆದ್ರೆ ನಾನು ಮನೆಗೇನ್ ತಗೊಂಡೋಗ್ಲಿ? ನೀವೇ ಹೇಳಿ."

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಟೀ ದುಡ್ಡು ಕೊಟ್ಟು ಸುಮ್ಮನಾಗಿಬಿಡಬಹುದಿತ್ತು. ಆದರೆ ಆ ಅಜ್ಜಿಯ ಮೂಗು ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು ಎಂಬುದು ರಾತ್ರಿಯೆಲ್ಲ ತಲೆ ಕೊರೆಯಿತು. ಮಾರನೇ ದಿನ ಹೊಸಹಳ್ಳಿಯಲ್ಲಿ ಈ ಜಾತಿ ಮೆಷಿನ್‌ಗಳನ್ನು ರಿಪೇರಿ ಮಾಡುವ ಹಳೇ ಮೆಕ್ಯಾನಿಕ್ ಒಬ್ಬರನ್ನು ಹುಡುಕಿಕೊಂಡು ಹೋದೆ.

ಸೀಮೆಎಣ್ಣೆ ಕಾಲದ ಅಭ್ಯಾಸ

ಯಜಮಾನರಿಗೆ ಅರವತ್ತು ದಾಟಿದೆ. ಅಂಗಡಿಗಳ ಮುಂದೆ ಪುಟ್ಟ ಜನರೇಟರುಗಳು ಸಾಲಾಗಿ ಡುಗುಡುಗು ಅನ್ನುತ್ತಿದ್ದ ಕಾಲವನ್ನು ನೋಡಿದವರು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಮೆಷಿನ್‌ಗಳು. ಪವರ್ ಕಟ್ ಆದ ಸಂಜೆ ಮಾಗಡಿ ರಸ್ತೆಯಲ್ಲಿ ಮಾತಾಡಿದರೆ ಪಕ್ಕದವರಿಗೆ ಕೇಳುತ್ತಿರಲಿಲ್ಲವಂತೆ.

"ನಮ್ ಜನಕ್ಕೆ ಸೀಮೆಎಣ್ಣೆ ಗೊತ್ತು, ಪೆಟ್ರೋಲ್ ಗೊತ್ತಿಲ್ಲ" ಎಂದರು ಅವರು. "ಅಡುಗೆಮನೆ ಮೂಲೇಲಿ, ಸ್ಟೌ ಪಕ್ಕ, ಸೀಮೆಎಣ್ಣೆ ಟಿನ್ ಇಟ್ಕೊಂಡು ಬೆಳೆದೋರು ನಾವು. ಅದೇ ಧೈರ್ಯದಲ್ಲಿ ಪೆಟ್ರೋಲೂ ಇಡ್ತಾರೆ. ಎರಡೂ ಎಣ್ಣೇನೇ ಅಲ್ವಾ ಅಂತಾರೆ."

ಇದು ನನಗೆ ಹೊಳೆದೇ ಇರಲಿಲ್ಲ. ಸೀಮೆಎಣ್ಣೆ ನಮ್ಮ ಊರಿನ ಹವೆಯಲ್ಲಿ ಸುಮ್ಮನೆ ಇಟ್ಟರೆ ಬೆಂಕಿ ಹಿಡಿಯುವಷ್ಟು ಆವಿ ಬಿಡುವುದಿಲ್ಲ. ಅದು ಮೂವತ್ತೆಂಟು, ನಲವತ್ತು ಡಿಗ್ರಿಯವರೆಗಾದರೂ ಕಾಯಬೇಕು, ಇಲ್ಲವೇ ಬತ್ತಿ ಹೀರಿಕೊಳ್ಳಬೇಕು. ಪೆಟ್ರೋಲ್ ಹಾಗಲ್ಲ. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ, ಅಂದರೆ ಹಿಮಾಲಯದ ನೆತ್ತಿಯ ಚಳಿಯಲ್ಲೂ ಅದು ಕಿಡಿಗೆ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಹೊಸಹಳ್ಳಿಯ ತಗಡಿನ ಶೀಟಿನ ಮನೆಯೊಳಗೆ, ಏಪ್ರಿಲ್ ಮಧ್ಯಾಹ್ನದಲ್ಲಿ, ಕೇಳಬೇಕೆ?

ಉರಿಯುವುದು ಆ ಆವಿ, ಕೆಳಗಿರುವ ದ್ರವವಲ್ಲ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಬೆರೆತರೂ ಸಾಕು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಆದ್ದರಿಂದ ಹೊಗೆಯ ಹಾಗೆ ಮೇಲೆ ಹೋಗದೆ ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ. ಮೆಟ್ಟಿಲ ಕೆಳಗಿನಿಂದ ಹೊರಟು, ಹೊಸಿಲು ದಾಟಿ, ದೇವರ ಗೂಡಿನ ಕೆಳಗೆ ಇಟ್ಟ ಊದುಬತ್ತಿಯ ತನಕ ಹೋದೀತು. ಅಲ್ಲಿ ಹತ್ತಿದ ಬೆಂಕಿ ಬಂದ ದಾರಿಯಲ್ಲೇ ಓಡಿ ಡಬ್ಬಕ್ಕೆ ವಾಪಸು ಬರುತ್ತದೆ. "ಬೆಂಕಿ ಎಲ್ಲಿತ್ತು, ಪೆಟ್ರೋಲ್ ಎಲ್ಲಿತ್ತು, ಅಷ್ಟು ದೂರ ಇತ್ತಲ್ಲ" ಎಂದು ಆಮೇಲೆ ಜನ ಆಶ್ಚರ್ಯಪಡುವುದು ಇದಕ್ಕೇ.

ಇನ್ನೊಂದು ಮಾತನ್ನು ಯಜಮಾನರು ಎರಡು ಸಲ ಹೇಳಿದರು. ಟ್ಯಾಂಕ್ ಖಾಲಿ ಮಾಡಿದೆ, ಇನ್ನೇನೂ ಭಯವಿಲ್ಲ ಅಂದುಕೊಳ್ಳಬೇಡಿ. ದ್ರವ ಹೋದರೂ ಆವಿ ಒಳಗೇ ಇರುತ್ತದೆ. ಗಾಳಿಯೂ ಬೆರೆತಿರುತ್ತದೆ. ತುಂಬಿದ ಟ್ಯಾಂಕಿಗಿಂತ ಆಗಷ್ಟೇ ಖಾಲಿಯಾದ ಟ್ಯಾಂಕು ಒಂದು ಕಿಡಿಗೆ ಜೋರಾಗಿ ಸಿಡಿದೀತು.

ದೂರದ ಮಾತಲ್ಲ

ಇದೆಲ್ಲ ಪುಸ್ತಕದ ಬದನೇಕಾಯಿ ಎನ್ನುವವರಿಗೆ ಒಂದೆರಡು ನೆನಪು. 2020ರ ನವೆಂಬರ್ 10ರಂದು ನಮ್ಮ ಪಕ್ಕದ ಮೈಸೂರು ರಸ್ತೆಯಲ್ಲಿ, ಬಾಪೂಜಿನಗರದ ಹೊಸಗುಡ್ಡದಹಳ್ಳಿಯಲ್ಲಿ ರಾಸಾಯನಿಕದ ಗೋದಾಮಿಗೆ ಬೆಂಕಿ ಬಿತ್ತು. ಡ್ರಮ್ಮುಗಳು ಸಿಡಿದವು, ಕರಿಹೊಗೆ ಆಕಾಶಕ್ಕೆ ಎದ್ದಿತು, ಸುತ್ತಲ ಮನೆಗಳವರು ಮಕ್ಕಳನ್ನು ಎತ್ತಿಕೊಂಡು ಓಡಿದರು. ಅಲ್ಲಿದ್ದದ್ದು ಪೆಟ್ರೋಲಲ್ಲ, ಆದರೆ ಪೆಟ್ರೋಲಿನ ಹಾಗೆಯೇ ಸುಲಭವಾಗಿ ಆವಿಯಾಗಿ ಹತ್ತಿಕೊಳ್ಳುವ ದ್ರವಗಳು. 2023ರ ಆಗಸ್ಟ್ 11ರಂದು ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕೇಂದ್ರ ಕಚೇರಿ ಆವರಣದಲ್ಲೇ, ರಸ್ತೆ ಡಾಂಬರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಬೆಂಕಿ ಎದ್ದು ಒಂಬತ್ತು ಮಂದಿ ಸುಟ್ಟುಕೊಂಡರು. ಮುಖ್ಯ ಎಂಜಿನಿಯರ್ ಆಮೇಲೆ ತೀರಿಕೊಂಡರು. ಓದಿದವರು, ಬಲ್ಲವರು ಇದ್ದ ಜಾಗ ಅದು.

ಬಸ್ಸಿನ ಮಾತಿಗೆ ಬಂದರೆ 2025ರ ಅಕ್ಟೋಬರ್ 24ರ ನಸುಕನ್ನು ಯಾರು ಮರೆತಾರು? ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸು ಕರ್ನೂಲಿನ ಹತ್ತಿರ ರಸ್ತೆಯಲ್ಲಿ ಬಿದ್ದಿದ್ದ ಬೈಕಿನ ಮೇಲೆ ಹತ್ತಿ, ಅದನ್ನು ಎಳೆದುಕೊಂಡೇ ಹೋಯಿತು. ಬೈಕಿನ ಟ್ಯಾಂಕಿನಿಂದ ಪೆಟ್ರೋಲ್ ಸೋರಿತು, ಕಬ್ಬಿಣ ರಸ್ತೆಗೆ ಉಜ್ಜಿ ಕಿಡಿ ಹಾರಿತು. ಮಲಗಿದ್ದ 19 ಪ್ರಯಾಣಿಕರು ಒಳಗೇ ಉಳಿದರು. ಶುರುವಾದದ್ದು ಒಂದು ಬೈಕಿನ ಟ್ಯಾಂಕಿನಷ್ಟು ಪೆಟ್ರೋಲಿನಿಂದ.

ನಮ್ಮ ಗೋಣಿಚೀಲದಲ್ಲಿ ಮೆಷಿನ್ ಟ್ಯಾಂಕೂ ಬಾಟಲಿಯೂ ಸೇರಿ ಒಂದೂವರೆ ಲೀಟರ್ ಇತ್ತು.

ಕಾನೂನು ಏನನ್ನುತ್ತದೆ?

ನಮ್ಮಲ್ಲಿ ಪೆಟ್ರೋಲಿಗೆ ಇರುವ ಕಾನೂನು 1934ರದು. ಬ್ರಿಟಿಷರು ಹೋಗಿ ಇಷ್ಟು ಕಾಲವಾದರೂ ಪೆಟ್ರೋಲಿಯಂ ಕಾಯ್ದೆ ಗಟ್ಟಿಯಾಗಿ ಕೂತಿದೆ. ಅದರ 8ನೇ ಕಲಮಿನ ಪ್ರಕಾರ ಮಾರುವ ಉದ್ದೇಶವಿಲ್ಲದೆ, ಒಬ್ಬರು ತಮ್ಮ ಬಳಿ ಒಟ್ಟು 30 ಲೀಟರ್ ತನಕ ಪೆಟ್ರೋಲ್ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಹೇಗೆ ಬೇಕೋ ಹಾಗಲ್ಲ. ಬಿಗಿಯಾದ ಮುಚ್ಚಳವಿರುವ ಗಾಜಿನ ಅಥವಾ ಕಲ್ಲುಮಣ್ಣಿನ ಜಾಡಿಯಾದರೆ 1 ಲೀಟರಿಗಿಂತ ದೊಡ್ಡದಿರಕೂಡದು. ಲೋಹದ ಡಬ್ಬವಾದರೆ 25 ಲೀಟರಿಗಿಂತ ದೊಡ್ಡದಿರಕೂಡದು. ಆ ಸಾಲಿನಲ್ಲಿ ನೀರಿನ ಬಾಟಲಿ ಇಲ್ಲ, ಅಡುಗೆ ಎಣ್ಣೆಯ ಪ್ಲಾಸ್ಟಿಕ್ ಕ್ಯಾನೂ ಇಲ್ಲ.

ಅಂಗಡಿಯವರು ಇಲ್ಲಿ ಒಂದು ಮಾತು ಗಮನಿಸಬೇಕು. "ಮಾರುವ ಉದ್ದೇಶವಿಲ್ಲದೆ" ಎಂದಿದೆ. ಗಾಡಿ ನಿಂತುಹೋದವರಿಗೆ ಉಪಕಾರವಾಗಲಿ ಎಂದು ಅರ್ಧ ಲೀಟರಿನ ಬಾಟಲಿ ತುಂಬಿಸಿಟ್ಟುಕೊಂಡು ಹತ್ತು ರೂಪಾಯಿ ಮೇಲೆ ಹಾಕಿ ಮಾರುವವರಿಗೆ ಈ ರಿಯಾಯಿತಿ ಇಲ್ಲ.

ಬಸ್ಸಿನಲ್ಲಿ ಬೆಂಕಿ ಹತ್ತುವ ವಸ್ತು ಒಯ್ಯುವಂತಿಲ್ಲ. ಕಂಡಕ್ಟರ್ ಇಳಿಸಿದ್ದು ಸರಿಯಾಗಿಯೇ ಇತ್ತು. ನಮ್ಮ ಹೊಸಹಳ್ಳಿ ಮೆಟ್ರೋ ನಿಲ್ದಾಣಕ್ಕೆ ಈಗ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರಿದೆ. ಅಲ್ಲಿ ಚೀಲವನ್ನು ಯಂತ್ರದೊಳಗೆ ಹಾಯಿಸಿ ನೋಡುತ್ತಾರೆ, ಹಾಗಾಗಿ ಈ ಆಟ ನಡೆಯುವುದಿಲ್ಲ. ರೈಲಿನಲ್ಲಂತೂ 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾನಿಯಾದರೆ ಅದರ ಬಾಬತ್ತೂ ತಲೆ ಮೇಲೆ.

ವಠಾರದ ಮೆಟ್ಟಿಲ ಕೆಳಗೆ

ಮೆಷಿನ್ ಹಗಲಲ್ಲಿ ಓಡಾಡುವುದು ಒಂದು ಕತೆ, ರಾತ್ರಿ ಮಲಗುವುದು ಇನ್ನೊಂದು ಕತೆ. ಆತನ ಮನೆಗೇ ಹೋದೆ. ಹತ್ತಡಿ ಹತ್ತಡಿ ಕೋಣೆ. ಬಾಗಿಲ ಹಿಂದೆ ಮೆಷಿನ್, ಅದಕ್ಕೆ ಮೂರಡಿ ದೂರದಲ್ಲಿ ಗ್ಯಾಸ್ ಸಿಲಿಂಡರ್, ಮೇಲೆ ದೇವರ ಫೋಟೋ, ದೀಪ. ಹೆಂಡತಿ ನನ್ನನ್ನು ಕಂಡದ್ದೇ ದೂರು ಶುರು ಮಾಡಿದರು.

"ನೋಡಿ ಅಣ್ಣಾ, ರಾತ್ರಿ ತಲೆ ಸುತ್ತು ಬರುತ್ತೆ ಈ ವಾಸ್ನೆಗೆ. ಚಿಕ್ಕೋನಿಗೆ ಕೆಮ್ಮು. ಆಚೆ ಇಡು ಅಂದ್ರೆ ಕದ್ಕೊಂಡೋಗ್ತಾರೆ ಅಂತಾನೆ. ಮೆಷಿನ್ ಮುಖ್ಯಾನೋ ಮಕ್ಕಳು ಮುಖ್ಯಾನೋ, ಕೇಳಿ ನೀವು."

ಗಂಡ ಗೋಡೆ ನೋಡುತ್ತಿದ್ದ. ಆತನದೂ ತಪ್ಪಲ್ಲ, ಮೆಷಿನ್ ಹೋದರೆ ಸಾಲ ಯಾರು ತೀರಿಸುವುದು?

ಇಂಥ ಮನೆಗಳು ನಮ್ಮ ಹೊಸಹಳ್ಳಿ, ಅಗ್ರಹಾರ ದಾಸರಹಳ್ಳಿ, ಗೋವಿಂದರಾಜನಗರದಲ್ಲಿ ಎಷ್ಟೋ ಇವೆ. ಯಜಮಾನರು ಹೇಳಿದ ದಾರಿ ಇದು: ಮೆಷಿನ್ ಬೇಕಾದರೆ ಒಳಗಿರಲಿ, ಪೆಟ್ರೋಲ್ ಒಳಗೆ ಬರಬಾರದು. ಸಂಜೆ ಕೆಲಸ ಮುಗಿಯುವ ಮುಂಚೆ ಟ್ಯಾಂಕಿನಲ್ಲಿ ಉಳಿಯುವ ಲೆಕ್ಕ ನೋಡಿಕೊಂಡೇ ಎಣ್ಣೆ ಹಾಕಬೇಕು. ಕೆಲಸವಾದ ಮೇಲೆ ಇಂಜಿನ್ ತಣ್ಣಗಾಗಲು ಬಿಟ್ಟು, ಉಳಿದದ್ದನ್ನು ಬಯಲಲ್ಲೇ ಲೋಹದ ಡಬ್ಬಕ್ಕೆ ಬಗ್ಗಿಸಬೇಕು. ಆಮೇಲೆ ಮತ್ತೊಂದು ಸಲ ಸ್ಟಾರ್ಟ್ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದ ಹನಿಯೂ ಉರಿದು ತಾನಾಗಿಯೇ ನಿಲ್ಲುವ ತನಕ ಓಡಿಸಬೇಕು. ಪುನಃ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಒಣಗಿಸಿ, ಮುಚ್ಚಿ, ಪ್ಲಗ್ಗಿನ ಕ್ಯಾಪ್ ಕಳಚಿ, ಬ್ಲೇಡಿಗೆ ಕವರ್ ಹಾಕಿ ಎತ್ತಿಡಬೇಕು. ಕ್ಯಾಪ್ ಕಳಚಿಟ್ಟರೆ ಮಕ್ಕಳು ದಾರ ಎಳೆದರೂ ಕಿಡಿ ಹಾರುವುದಿಲ್ಲ.

ಡಬ್ಬ ಎಲ್ಲಿಡುವುದು? ಮನೆಯೊಳಗೆ ಖಂಡಿತ ಬೇಡ. ಮೆಟ್ಟಿಲ ಕೆಳಗೂ ಬೇಡ, ಏಕೆಂದರೆ ಬೆಂಕಿ ಬಿದ್ದರೆ ಮೇಲಿನವರು ಇಳಿದು ಬರುವ ದಾರಿಯೇ ಅದು. ಬೇಸ್‌ಮೆಂಟು, ಚರಂಡಿ ಪಕ್ಕ ಕೂಡ ಬೇಡ, ಆವಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಮಹಡಿ ಮೇಲೆ ನೆರಳಿರುವ, ಗಾಳಿಯಾಡುವ ಮೂಲೆಯಲ್ಲಿ ಜಾಲರಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿಡಬಹುದು. ಬಿಸಿಲಿಗೆ ಹಿಗ್ಗುವುದರಿಂದ ಡಬ್ಬವನ್ನು ಕಂಠಮಟ್ಟ ತುಂಬಿಸಬಾರದು. ಇಷ್ಟೆಲ್ಲ ರಗಳೆ ಬೇಡವೆಂದರೆ ಅವತ್ತಿನದು ಅವತ್ತೇ ಕೊಂಡು ಅವತ್ತೇ ಮುಗಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಹೆಚ್ಚು ದಿನ ಇಟ್ಟರೆ ಪೆಟ್ರೋಲೂ ಹಾಳು, ಮೆಷಿನ್ನೂ ಹಾಳು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲ್. ಇದಕ್ಕೆ ಚಾಲನೆ ಕೊಟ್ಟದ್ದೂ ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎಥೆನಾಲ್ ಗಾಳಿಯಲ್ಲಿನ ನೀರಿನಂಶ ಎಳೆದುಕೊಳ್ಳುತ್ತದೆ. ಹಳೇ ಮೆಷಿನ್‌ಗಳ ರಬ್ಬರ್ ಪೈಪು ಮೆದುವಾಗಿ ಬಿರಿಯುತ್ತದೆ. ಬಿರಿದ ಪೈಪಿನಿಂದಲೇ ಸೋರಿಕೆ. ಮೂರು ತಿಂಗಳಿಗೊಮ್ಮೆ ಪೈಪ್ ಮುಟ್ಟಿ ನೋಡಿ, ಅಂಟಂಟಾಗಿದ್ದರೆ ಬದಲಾಯಿಸಿ. ಪೈಪಿನ ಬೆಲೆ ಒಂದು ಮಸಾಲೆ ದೋಸೆಗಿಂತ ಹೆಚ್ಚಿಲ್ಲ ಎಂದರು ಯಜಮಾನರು.

ನೀರಿನ ಬಾಟಲಿಯ ಬಗ್ಗೆ ಇನ್ನೊಂದು ಮಾತು. ಸೈಟಿನಲ್ಲಿ ಬಾಯಾರಿದ ಮಗು, ಮುದುಕರು ನೀರೆಂದು ಎತ್ತಿ ಕುಡಿದುಬಿಡುತ್ತಾರೆ. ಹಾಗಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ವಾಂತಿಯಾಗುವಾಗ ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಗೆ ಹೋದದ್ದಕ್ಕಿಂತ ಕೆಟ್ಟದ್ದು. ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ.

ಅಂಗಡಿಯವರ ಜನರೇಟರ್

ಯುಪಿಎಸ್ ಬಂದ ಮೇಲೆ ಜನರೇಟರ್ ಕಡಿಮೆಯಾಗಿವೆ ನಿಜ. ಆದರೂ ಐಸ್‌ಕ್ರೀಮ್, ಕೋಳಿ ಅಂಗಡಿ, ಬೇಕರಿಯವರು ಇನ್ನೂ ಇಟ್ಟುಕೊಂಡಿದ್ದಾರೆ. ಹೊಸಹಳ್ಳಿ ಮುಖ್ಯರಸ್ತೆಯಲ್ಲಿ ಒಂದು ಅಂಗಡಿ ನೋಡಿದೆ, ಹೆಸರು ಬೇಡ. ರಾತ್ರಿ ಷಟರ್ ಎಳೆಯುವಾಗ ಜನರೇಟರನ್ನು ಒಳಗೆ ತಳ್ಳುತ್ತಾರೆ. ಅದರ ಪಕ್ಕದಲ್ಲಿ ಯುಪಿಎಸ್ ಬ್ಯಾಟರಿ, ಇನ್ನೊಂದು ಪಕ್ಕದಲ್ಲಿ ಫ್ರಿಜ್ಜು. ಫ್ರಿಜ್ಜು ತಾನಾಗಿ ಆನ್ ಆಫ್ ಆಗುವಾಗಲೆಲ್ಲ ಒಳಗೆ ಸಣ್ಣ ಕಿಡಿ ಹಾರುತ್ತದೆ. ಷಟರ್ ಮುಚ್ಚಿದ ಅಂಗಡಿಗೆ ಗಾಳಿಯ ದಾರಿಯಿಲ್ಲ. ರಾತ್ರಿಯೆಲ್ಲ ನೆಲದ ಮೇಲೆ ಆವಿ ಕೂತಿದ್ದರೆ, ಬೆಳಿಗ್ಗೆ ಬಂದು ಲೈಟಿನ ಸ್ವಿಚ್ ಒತ್ತುವವನ ಗತಿ ಏನು?

ಷಟರ್ ಎತ್ತಿದಾಗ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಊದುಬತ್ತಿಯನ್ನೂ ಹಚ್ಚಬೇಡಿ. ಪೂಜೆ ಹತ್ತು ನಿಮಿಷ ತಡವಾದರೆ ಲಕ್ಷ್ಮಿ ಮುನಿಸಿಕೊಳ್ಳುವುದಿಲ್ಲ. ಷಟರ್ ಪೂರ್ತಿ ಎತ್ತಿ, ಹಿಂದಿನ ಬಾಗಿಲಿದ್ದರೆ ತೆಗೆದು, ಹೊರಗೆ ನಿಲ್ಲಿ. ರಾತ್ರಿಯ ಹೊತ್ತು ಪೆಟ್ರೋಲ್ ಕಾಕ್ ಬಂದ್ ಮಾಡಿ, ಮೆಷಿನ್ ನೆಟ್ಟಗೆ ನಿಲ್ಲಿಸಿ. ಓಡಿಸುವಾಗಲಂತೂ ಅಂಗಡಿಯೊಳಗೆ ಇಟ್ಟು ಅರ್ಧ ಷಟರ್ ಎಳೆಯುವ ಕೆಲಸ ಬೇಡ. ಅದರ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ಇರುತ್ತದೆ. ತೂಕಡಿಕೆ ಬಂದಂತಾಗಿ ಮಲಗಿದವರು ಏಳುವುದೇ ಇಲ್ಲ.

ಬಿಸಿ ಇಂಜಿನ್ನಿಗೆ ಪೆಟ್ರೋಲ್ ಹಾಕುವ ವಿಚಾರದಲ್ಲಿ ನನ್ನದೇ ಅನುಭವವಿದೆ. ಪಿಯುಸಿ ಅರ್ಧಕ್ಕೆ ಬಿಟ್ಟ ವರ್ಷ ಒಂದು ಶಾಮಿಯಾನ ಅಂಗಡಿಯಲ್ಲಿ ಜನರೇಟರ್ ಹುಡುಗನಾಗಿದ್ದೆ. ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುತ್ತಿತ್ತು. ಪೆಟ್ರೋಲ್ ಮುಗಿಯುತ್ತಾ ಬಂತು, ನಿಲ್ಲಿಸಿದರೆ ಹಾಡು ನಿಲ್ಲುತ್ತದೆ, ಜನ ಕೂಗುತ್ತಾರೆ. ಓಡುತ್ತಿದ್ದ ಹಾಗೇ ಬಗ್ಗಿಸಿದೆ. ನಾಲ್ಕು ಹನಿ ಸೈಲೆನ್ಸರ್ ಮೇಲೆ ಬಿತ್ತು. ಭಗ್ ಎಂದಿತು! ಪಕ್ಕದಲ್ಲಿದ್ದವರು ಒದ್ದೆ ಗೋಣಿ ಎಸೆದಿದ್ದರಿಂದ ಬರೀ ಕೈಕೂದಲು ಮತ್ತು ಹುಬ್ಬು ಹೋದವು. ಎರಡು ತಿಂಗಳು ಹುಬ್ಬಿಲ್ಲದೆ ಓಡಾಡಿದೆ, ಓಣಿಯವರೆಲ್ಲ ನಕ್ಕರು. ಇಂಜಿನ್ ನಿಲ್ಲಿಸಿ ಕಾಲು ಗಂಟೆ ಕಾದು ಹಾಕಿದ್ದರೆ ಆರ್ಕೆಸ್ಟ್ರಾದವರಿಗೆ ಒಂದು ಟೀ ಬಿಡುವು ಸಿಗುತ್ತಿತ್ತು, ಅಷ್ಟೆ.

ಸೊಳ್ಳೆಗೆ ಹೊಗೆ ಹೊಡೆಯುವ ಮೆಷಿನ್ ಹುಡುಗರೂ, ಮಳೆಗಾಲಕ್ಕೆ ಮುಂಚೆ ಗರಗಸದ ಮೆಷಿನ್ ಹಿಡಿದು ಕೊಂಬೆ ಕಡಿಯಲು ಬರುವವರೂ ಇದನ್ನೇ ಮಾಡುತ್ತಾರೆ. ಹೊಗೆ ಮೆಷಿನ್ನಿನ ಕೊಳವೆಯಂತೂ ಕೆಂಡದಷ್ಟು ಕಾದಿರುತ್ತದೆ. ನಿಮ್ಮ ಅಂಗಡಿ ಮುಂದೆ ನಿಂತು ಎಣ್ಣೆ ತುಂಬಿಸುತ್ತಿದ್ದರೆ ಎರಡು ಮಾತು ಹೇಳಿ ಆಚೆ ಕಳಿಸಿ.

ಬೆಂಕಿ ಹತ್ತಿಯೇಬಿಟ್ಟರೆ ನೀರು ಸುರಿಯಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲಿ ಉರಿಯುತ್ತಲೇ ಹರಡುತ್ತದೆ. ಮರಳು, ಚೆನ್ನಾಗಿ ಒದ್ದೆ ಮಾಡಿದ ದಪ್ಪ ಗೋಣಿ, ಇಲ್ಲವೇ ಪುಡಿ ಚಿಮ್ಮುವ ಬೆಂಕಿ ನಂದಿಸುವ ಸಿಲಿಂಡರ್ ಬಳಸಿ. ಬಹಳ ಅಂಗಡಿಗಳಲ್ಲಿ ಈ ಕೆಂಪು ಸಿಲಿಂಡರಿಗೆ ಕ್ಯಾಲೆಂಡರ್ ನೇತುಹಾಕಿದ್ದಾರೆ. ಅದರ ಮುಳ್ಳು ಹಸಿರು ಗೆರೆಯಲ್ಲಿದೆಯೇ ಎಂದು ಇವತ್ತೇ ನೋಡಿ. ಕೈಮೀರಿದರೆ 101 ಅಥವಾ 112ಕ್ಕೆ ಫೋನ್ ಮಾಡಿ, ದೂರ ಹೋಗಿ. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಶಾಯಿ ಬಳಿಯದೆ ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡಿ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯದವರಿಗೆಂದೇ ಮಹಾಬೋಧಿ ಕೇಂದ್ರವಿದೆ.

ಹಾಗಾದರೆ ಹೇಗೆ ಒಯ್ಯುವುದು?

ಮೊದಲ ಪ್ರಶ್ನೆ ಇನ್ನೂ ಬಾಕಿಯಿದೆ. ಬಸ್ಸು ಬೇಡ, ಆಟೋಗೆ ದುಡ್ಡಿಲ್ಲ, ಹೊಟ್ಟೆಪಾಡು ನಿಲ್ಲುವುದಿಲ್ಲ. ಸ್ಕೂಟರ್ ಇರುವವರು ಮೆಷಿನ್ನನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು, ಪೆಟ್ರೋಲ್ ಬಾಟಲಿಯನ್ನು ಸೀಟಿನ ಕೆಳಗಿನ ಡಿಕ್ಕಿಯಲ್ಲಿ ತುರುಕಿ ಹೋಗುತ್ತಾರೆ. ಅದೂ ಕಿಡಿಗೇಡಿ ಕೆಲಸವೇ. ಡಿಕ್ಕಿಯ ಕೆಳಗೇ ಇಂಜಿನ್ನಿನ ಬಿಸಿ.

ಯಜಮಾನರ ಅಂಗಡಿಯಲ್ಲಿ ಕೂತಿದ್ದಾಗ ನಮ್ಮ ಆಸಾಮಿಯನ್ನೂ ಕರೆಸಿದೆ. ಅವನ ಹಾಗೆ ಮೆಷಿನ್ ಇಟ್ಟುಕೊಂಡವರು ಹೊಸಹಳ್ಳಿಯಲ್ಲೇ ಇನ್ನೂ ಇಬ್ಬರಿದ್ದಾರೆ. ಮೂವರಿಗೂ ಒಬ್ಬರನ್ನೊಬ್ಬರು ಕಂಡರಾಗದು, ಗಿರಾಕಿ ಕಿತ್ತುಕೊಳ್ಳುತ್ತಾನೆ ಎಂಬ ಜಗಳ. "ಮೂರು ಜನ ಸೇರಿ ಒಂದು ಲಗೇಜ್ ಆಟೋ ಮಾಡ್ಕೊಳ್ರಯ್ಯಾ. ಒಂದೇ ದಿಕ್ಕಿನ ಕೆಲಸ ಒಂದೇ ದಿನ ಇಟ್ಕೊಳ್ಳಿ. ತಲೆಗೆ ಎಷ್ಟು ಬೀಳುತ್ತೆ ಲೆಕ್ಕ ಹಾಕಿ" ಎಂದು ಯಜಮಾನರು ಗದರಿದರು. ಎರಡು ಮೂರು ದಿನದ ಕೆಲಸವಾದರೆ ಸೈಟಿನ ಮಾಲೀಕರ ಷೆಡ್ಡಿನಲ್ಲೇ ಮೆಷಿನ್ ಬಿಟ್ಟು ಬರುವ ಮಾತನ್ನು ಮೊದಲೇ ಆಡಿಕೊಳ್ಳಿ ಎಂದರು. ಸೈಟಿನ ಮಾಲೀಕರೇ, ಇದು ನಿಮಗೂ ಹೇಳುತ್ತಿರುವ ಮಾತು. ಒಂದು ಮೂಲೆ ಕೊಟ್ಟರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಲಗೇಜ್ ಆಟೋದಲ್ಲೂ ಟ್ಯಾಂಕ್ ಖಾಲಿ ಮಾಡಿಯೇ ಏರಿಸಬೇಕು. ಮೆಷಿನ್ ಟ್ಯಾಂಕು ಮೇಲ್ಮುಖವಾಗಿ, ಹಗ್ಗದಿಂದ ಬಿಗಿದಿರಬೇಕು. ಡಬ್ಬ ನೆಟ್ಟಗೆ ಒಂದು ಮೂಲೆಯಲ್ಲಿ, ಉರುಳದ ಹಾಗೆ. ಜನ ಮುಂದೆ, ಸಾಮಾನು ಹಿಂದೆ, ಹಿಂಭಾಗಕ್ಕೆ ಟಾರ್ಪಾಲಿನ್ ಬಿಗಿಯದೆ ಗಾಳಿ ಆಡಲು ಬಿಡಬೇಕು. ಬಂಕಿನಲ್ಲಿ ಡಬ್ಬ ತುಂಬಿಸುವಾಗ ಗಾಡಿಯ ಮೇಲಿಟ್ಟುಕೊಂಡು ತುಂಬಿಸಬಾರದು, ಕೆಳಗೆ ನೆಲದ ಮೇಲಿಟ್ಟು, ನಳಿಗೆಯನ್ನು ಡಬ್ಬದ ಕಂಠಕ್ಕೆ ತಾಗಿಸಿ ತುಂಬಿಸಬೇಕು. ಚಳಿಗಾಲದಲ್ಲಿ ಸ್ವೆಟರ್ ಕಳಚುವಾಗ ಚಟಪಟ ಅನ್ನುತ್ತದಲ್ಲ, ಅಂಥ ಕಿಡಿ ಅಲ್ಲೂ ಹುಟ್ಟೀತು. ನೆಲಕ್ಕೆ ತಾಗಿದ್ದರೆ ಅದು ಮಣ್ಣಿಗೆ ಇಳಿದುಹೋಗುತ್ತದೆ.

ಬ್ಯಾಟರಿಯಲ್ಲಿ ಓಡುವ ಮೆಷಿನ್ ಬಂದಿವೆ, ಅದನ್ನಾದರೂ ತಗೋಬಹುದಲ್ಲ ಎಂದು ನಾನು ಕೇಳಿದೆ. "ಇದರ ಸಾಲವೇ ತೀರಿಲ್ಲ ಸಾರ್" ಎಂದ ಆತ. ಅಲ್ಲಿಗೆ ಆ ಮಾತು ಮುಗಿಯಿತು.

ನಿನ್ನೆ ಬೆಳಿಗ್ಗೆ ಏಳೂವರೆಗೆ ಟೋಲ್‌ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೆ ಒಂದು ಲಗೇಜ್ ಆಟೋ ನಿಂತಿತ್ತು. ಹಿಂದೆ ಮೂರು ಮೆಷಿನ್, ನೆಟ್ಟಗೆ, ನೈಲಾನ್ ಹಗ್ಗದಲ್ಲಿ ಕಟ್ಟಿದ್ದವು. ಮೂಲೆಯಲ್ಲಿ ಹೊಸ ತಗಡಿನ ಡಬ್ಬ. ನಮ್ಮ ಆಸಾಮಿ ಕೈ ಎತ್ತಿದ. ಮೂವರೂ ಮಾತಾಡುತ್ತಿರುವಂತೆ ಕಂಡಿತು, ಜಗಳವೋ ಸಲುಗೆಯೋ ಗೊತ್ತಾಗಲಿಲ್ಲ. ಅವರಲ್ಲೊಬ್ಬ ಡಬ್ಬದ ಪಕ್ಕ ಒರಗಿಕೊಂಡು ಜೇಬಿನಿಂದ ಬೀಡಿ ತೆಗೆದ.

ನಾನು ಕೂಗುವಷ್ಟರಲ್ಲಿ ನಮ್ಮವನೇ ಅದನ್ನು ಬಾಯಿಂದ ಕಿತ್ತು ರಸ್ತೆಗೆ ಎಸೆದ. ಬೀಡಿಯವನು ಬೈದದ್ದು ಇಲ್ಲಿ ಅಚ್ಚು ಹಾಕುವಂತಿಲ್ಲ. ಆಟೋ ಸುಂಕದಕಟ್ಟೆ ಕಡೆಗೆ ಹೊರಟಿತು.